ಅಣುವಿಗೆ ಹಚ್ಚಿದ ಬಣ್ಣಕ್ಕೆ ಅಳತೆ ಬೇಕು

2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ವೈರಾಣುವಿನ ಹೊಸ ತಳಿಗೆ ಓಮಿಕ್ರಾನ್ ಎಂದು ಹೆಸರಿಟ್ಟಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಪ್ರಕರಣಗಳು ವರದಿಯಾದವು, ಎರಡೂ ಕರ್ನಾಟಕದವು. ಅದರ ಮುಂದಿನ ತಿಂಗಳುಗಳಲ್ಲಿ ಬಂದ ಸಂಶೋಧನಾ ಪ್ರಬಂಧಗಳಲ್ಲಿ ಒಂದೇ ಬಗೆಯ ಚಿತ್ರ ಮತ್ತೆ ಮತ್ತೆ ಕಾಣಿಸಿಕೊಂಡಿತು. ಪಕ್ಕಪಕ್ಕದಲ್ಲಿ ಎರಡು ಉಬ್ಬುತಗ್ಗಿನ ಆಕೃತಿಗಳು. ಒಂದು ಮೂಲ ವೈರಾಣುವಿನ ಸ್ಪೈಕ್ ಪ್ರೋಟೀನಿನಲ್ಲಿ ನಮ್ಮ ಜೀವಕೋಶದ ಎಸಿಇ2 ಗ್ರಾಹಕಕ್ಕೆ ಅಂಟಿಕೊಳ್ಳುವ ಭಾಗ, ಇನ್ನೊಂದು ಓಮಿಕ್ರಾನಿನ ಅದೇ ಭಾಗ. ಎರಡಕ್ಕೂ ಕೆಂಪು, ಬಿಳಿ, ನೀಲಿ ಬಣ್ಣ. ಓಮಿಕ್ರಾನಿನ ಮೈಮೇಲೆ ನೀಲಿ ಎದ್ದು ಕಾಣುತ್ತಿತ್ತು. ನೀಲಿ ಎಂದರೆ ಧನ (ಪಾಸಿಟಿವ್) ವಿದ್ಯುತ್ ವಿಭವ, ಗ್ರಾಹಕದ ಮೇಲ್ಮೈ ಹೆಚ್ಚಾಗಿ ಋಣ (ನೆಗೆಟಿವ್), ಆದ್ದರಿಂದ ಹಿಡಿತ ಬಿಗಿಯಾಗಲು ಇದೂ ಒಂದು ಕಾರಣ ಎಂಬುದು ಆ ಚಿತ್ರಗಳ ವಾದ.

ವಾದದ ಮೊದಲ ಅರ್ಧವನ್ನು ಕಾಗದದ ಮೇಲೆ ಪರೀಕ್ಷಿಸಬಹುದು. ಓಮಿಕ್ರಾನಿನ ಮೊದಲ ರೂಪದಲ್ಲಿ ಆ ಭಾಗದಲ್ಲಿ 15 ಬದಲಾವಣೆಗಳಿದ್ದವು. ವಿದ್ಯುದಾವೇಶಕ್ಕೆ ಸಂಬಂಧಿಸಿದವನ್ನಷ್ಟೇ ಆರಿಸಿಕೊಳ್ಳೋಣ. 440 ಮತ್ತು 478ನೇ ಸ್ಥಾನಗಳಲ್ಲಿ ಆವೇಶವಿಲ್ಲದ ಅಮೈನೊ ಆಮ್ಲಗಳ ಜಾಗಕ್ಕೆ ಧನಾವೇಶದ ಲೈಸಿನ್ ಬಂತು. 493 ಮತ್ತು 498ರಲ್ಲಿ ಗ್ಲುಟಮಿನ್ ಹೋಗಿ ಧನಾವೇಶದ ಆರ್ಜಿನಿನ್ ಬಂತು. 484ರಲ್ಲಿ ಋಣಾವೇಶದ ಗ್ಲುಟಮೇಟ್ ಹೋಗಿ ಆವೇಶವಿಲ್ಲದ ಅಲನಿನ್ ಬಂತು. ಅಲ್ಲಿಗೆ ಐದು ಧನದ ಲಾಭ. ಇತ್ತ 417ರಲ್ಲಿದ್ದ ಲೈಸಿನ್ ಹೋಯಿತು, 339ರಲ್ಲಿ ಋಣಾವೇಶದ ಆಸ್ಪಾರ್ಟೇಟ್ ಹೊಸದಾಗಿ ಬಂತು. ಎರಡು ನಷ್ಟ. ಕೂಡಿ ಕಳೆದರೆ ಉಳಿಯುವುದು +3.

ಈ ಮೂರು ನಿಜ. ಆದರೆ ಅದು ಪರದೆಯ ಮೇಲೆ ಎಷ್ಟು ನೀಲಿಯಾಗಿ ಕಾಣಬೇಕು ಎಂಬುದನ್ನು ವೈರಾಣು ತೀರ್ಮಾನಿಸುವುದಿಲ್ಲ. ಚಿತ್ರ ಮಾಡಿದವರು, ಬಹಳ ಸಲ ಅವರು ಮುಟ್ಟದೆ ಬಿಟ್ಟ ತಂತ್ರಾಂಶದ ಪೂರ್ವನಿಗದಿತ ಸಂಖ್ಯೆ, ಅದನ್ನು ತೀರ್ಮಾನಿಸುತ್ತದೆ. ಅದೇ ಪ್ರೋಟೀನನ್ನು ಅದೇ ತಂತ್ರಾಂಶದಲ್ಲಿ ತೆಳು ನೀಲಿಯಾಗಿಯೂ ತೋರಿಸಬಹುದು, ಕಡು ನೀಲಿಯಾಗಿಯೂ ತೋರಿಸಬಹುದು. ಎರಡರಲ್ಲೂ ಸುಳ್ಳಿಲ್ಲ. ಆದರೆ ಆ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯದೆ ಬಿಟ್ಟ ಚಿತ್ರ ಏನನ್ನೂ ಸಾಬೀತು ಮಾಡುವುದಿಲ್ಲ. ವಿಜ್ಞಾನದ ಪತ್ರಿಕೆಗಳಲ್ಲಿ, ಪದವಿ ತರಗತಿಯ ಪಠ್ಯಗಳಲ್ಲಿ, ಸುದ್ದಿವಾಹಿನಿಗಳಲ್ಲಿ ಇಂಥ ಚಿತ್ರಗಳು ಅಳತೆಪಟ್ಟಿಯಿಲ್ಲದೆ ಓಡಾಡುತ್ತಿವೆ. ಇದನ್ನು ಸಣ್ಣ ಲೋಪವೆಂದು ತಳ್ಳಿಹಾಕಲು ನನ್ನಿಂದ ಆಗದು.

ಬಣ್ಣ ಯಾವುದಕ್ಕೆ ಹಚ್ಚುತ್ತಾರೆ ಎಂಬುದರಿಂದಲೇ ಶುರುಮಾಡಬೇಕು. ಒಂದು ಬಿಂದುವಿನಲ್ಲಿ ಸ್ಥಿರವಿದ್ಯುತ್ ವಿಭವ ಎಂದರೆ, ಒಂದು ಏಕಮಾನ ಧನಾವೇಶವನ್ನು ಬಹು ದೂರದಿಂದ ಅಲ್ಲಿಗೆ ತರಲು ಬೇಕಾಗುವ ಶಕ್ತಿ. ಅದು ಆ ಬಿಂದುವಿನ ಕೆಳಗೆ ಕೂತಿರುವ ಒಂದು ಪರಮಾಣುವಿನ ಗುಣ ಮಾತ್ರ ಅಲ್ಲ, ಸುತ್ತಲಿನ ಎಲ್ಲ ಆವೇಶಗಳ ಒಟ್ಟು ಪರಿಣಾಮ. ಆದ್ದರಿಂದ ಲೈಸಿನ್, ಆರ್ಜಿನಿನ್‌ಗಳಿಗೆ ನೀಲಿ ಬಳಿದು, ಆಸ್ಪಾರ್ಟೇಟ್, ಗ್ಲುಟಮೇಟ್‌ಗಳಿಗೆ ಕೆಂಪು ಬಳಿದು ಅದನ್ನೇ ವಿಭವ ಎಂದು ಕರೆಯುವುದು ತಪ್ಪು. ಅದು ಆವೇಶಗಳ ವಿಳಾಸಪಟ್ಟಿ ಅಷ್ಟೇ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ತಾಮ್ರ ಮತ್ತು ಸತು ಇರುವ ಈ ಕಿಣ್ವ ಜೀವಕೋಶಕ್ಕೆ ಹಾನಿ ಮಾಡುವ ಸೂಪರಾಕ್ಸೈಡನ್ನು ನಿಭಾಯಿಸುತ್ತದೆ. ಸೂಪರಾಕ್ಸೈಡ್ ಋಣಾವೇಶದ ಕಣ. ದನದ ಕಿಣ್ವದ ಒಟ್ಟು ಆವೇಶವೂ ಋಣ. ಋಣವನ್ನು ಋಣ ದೂಡಬೇಕು, ಆದರೂ ಈ ಕಿಣ್ವ ಅಸಾಧಾರಣ ವೇಗದಲ್ಲಿ ಕೆಲಸ ಮಾಡುತ್ತದೆ. ಎಲಿಜಬೆತ್ ಗೆಟ್ಜಾಫ್, ಜಾನ್ ಟೈನರ್ ಮತ್ತು ಸಂಗಡಿಗರು 1983ರಲ್ಲಿ ವಿಭವವನ್ನು ಲೆಕ್ಕ ಹಾಕಿ ಅದರ ಮರ್ಮ ತೋರಿಸಿದರು. ಮೈಯೆಲ್ಲ ಋಣವಿದ್ದರೂ ತಾಮ್ರದ ಕಡೆಗೆ ಇಳಿಯುವ ಕಾಲುವೆಯಲ್ಲಿ ವಿಭವ ಧನ. ಸೂಪರಾಕ್ಸೈಡ್ ಬೇರೆ ಕಡೆಯಿಂದ ಜಾರಿ ಆ ಕಾಲುವೆಗೇ ಬಂದು ಸೇರುತ್ತದೆ. 1992ರಲ್ಲಿ ಇದೇ ಗುಂಪು ಮಾನವ ಕಿಣ್ವದಲ್ಲಿ ಕಾಲುವೆಯ ಬಾಯಿಯ ಬಳಿಯ ಗ್ಲುಟಮೇಟನ್ನು ಗ್ಲುಟಮಿನ್‌ಗೆ ಬದಲಿಸಿ, ಅಂದರೆ ಅಲ್ಲಿನ ಋಣಾವೇಶವನ್ನು ತೆಗೆದುಹಾಕಿ, ಮೊದಲೇ ವೇಗವಾಗಿದ್ದ ಕಿಣ್ವವನ್ನು ಇನ್ನಷ್ಟು ವೇಗವಾಗಿಸಿತು. ವಿಭವದ ನಕ್ಷೆಯನ್ನು ಸರಿಯಾಗಿ ಓದಿದರೆ ಪ್ರಯೋಗಶಾಲೆಯಲ್ಲಿ ನಿಲ್ಲುವ ಮಾತನ್ನು ಹೇಳಬಹುದು ಎಂಬುದಕ್ಕೆ ಇದು ಸಾಕ್ಷಿ. ಬಣ್ಣದ ವಿಷಯದಲ್ಲಿ ನಾನು ಹಟ ಹಿಡಿಯುವುದು ಈ ನಕ್ಷೆಗಳು ಅಷ್ಟು ಬೆಲೆಬಾಳುವವು ಎಂಬ ಕಾರಣಕ್ಕೇ.

ವಿಭವವನ್ನು ಮೇಲ್ಮೈಯ ಮೇಲೆ ಬಣ್ಣವಾಗಿ ತೋರಿಸುವ ರೂಢಿಯೂ ಎಂಬತ್ತರ ದಶಕದ ಆರಂಭಕ್ಕೇ ಸೇರಿದ್ದು. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲ್ಯಾಂಗ್ರಿಜ್, ಪೀಟರ್ ಕೋಲ್‌ಮನ್ ಮೊದಲಾದವರು 1982ರಲ್ಲಿ ಅಣುವಿನ ಮೇಲ್ಮೈಯನ್ನು ವಿಭವಕ್ಕೆ ತಕ್ಕ ಬಣ್ಣದಲ್ಲಿ ತೋರಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಬ್ಯಾರಿ ಹೋನಿಗ್ ಅವರ ಪ್ರಯೋಗಶಾಲೆಯಿಂದ ತೊಂಬತ್ತರ ದಶಕದ ಆರಂಭದಲ್ಲಿ ಗ್ರಾಸ್ಪ್ ಎಂಬ ತಂತ್ರಾಂಶ ಹೊರಬಂತು. ಆಂಥನಿ ನಿಕೋಲ್ಸ್ ಬರೆದ ಅದು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ದುಬಾರಿ ಯಂತ್ರಗಳಲ್ಲಿ ಓಡುತ್ತಿತ್ತು. ಕೆಂಪು ಋಣ, ಬಿಳಿ ಶೂನ್ಯ, ನೀಲಿ ಧನ ಎಂಬ ಮೂರು ಬಣ್ಣದ ನುಣುಪು ಮೇಲ್ಮೈ ಪ್ರೋಟೀನ್ ಲೋಕದ ಸಾಮಾನ್ಯ ನೋಟವಾದದ್ದು ಅಲ್ಲಿಂದ. ಇಂದು ಅಣುಚಿತ್ರ ಬಿಡಿಸುವ ತಂತ್ರಾಂಶಗಳಾದ ಪೈಮಾಲ್, ಕೈಮೆರಾ ಎಕ್ಸ್, ವಿಎಂಡಿ ಮೂರರಲ್ಲೂ ಅದೇ ಕ್ರಮ ಸಿಗುತ್ತದೆ.

ಆ ಕ್ರಮ ಎಲ್ಲರ ಅಭ್ಯಾಸಕ್ಕೆ ಹೊಂದುವುದಿಲ್ಲ. ವಿದ್ಯುತ್ ಕೆಲಸ ಕಲಿತವರಿಗೆ ಬ್ಯಾಟರಿಯ ಕೆಂಪು ತಂತಿ ಧನ, ಕಪ್ಪು ಋಣ. ರಸಾಯನ ವಿಜ್ಞಾನದವರಿಗೆ ಆಮ್ಲಜನಕ ಕೆಂಪು, ಸಾರಜನಕ ನೀಲಿ. ಪ್ರೋಟೀನಿನಲ್ಲಿ ಋಣಾವೇಶ ಹೊರುವುದು ಆಮ್ಲೀಯ ಗುಂಪುಗಳ ಆಮ್ಲಜನಕ, ಧನಾವೇಶ ಹೊರುವುದು ಕ್ಷಾರೀಯ ಗುಂಪುಗಳ ಸಾರಜನಕ. ಲಿಟ್ಮಸ್ ಕೂಡ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಹಾಗಾಗಿ ಕೆಂಪು ಋಣವಾಗಿರುವುದು ರಸಾಯನ ವಿಜ್ಞಾನದ ಒಳಗಿನಿಂದ ನೋಡಿದರೆ ಸಹಜ. ಒಳಗಿಲ್ಲದವರಿಗೆ ಅದನ್ನು ಹೇಳಿಯೇ ತಿಳಿಸಬೇಕು. ಅದೇ ಪರದೆಯಲ್ಲಿ ಅದೇ ಬಣ್ಣಗಳು ಬೇರೆ ಕೆಲಸಕ್ಕೂ ಬರುವುದು ಇನ್ನೊಂದು ತೊಡಕು. ಸ್ಫಟಿಕ ರಚನೆಯಲ್ಲಿ ಪರಮಾಣುಗಳ ಅಲುಗಾಟವನ್ನು ತೋರಿಸುವಾಗ ನೀಲಿ ಎಂದರೆ ಸ್ಥಿರ, ಕೆಂಪು ಎಂದರೆ ಚಂಚಲ. ಪ್ರೋಟೀನಿನ ರಚನೆಯನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವಾದ ಆಲ್ಫಾಫೋಲ್ಡ್‌ನ ಮಾದರಿಗಳಲ್ಲಿ ಕಡುನೀಲಿ ಎಂದರೆ ಊಹೆಯ ಮೇಲೆ ತುಂಬ ಭರವಸೆ, ಕಿತ್ತಳೆ ಎಂದರೆ ತೀರ ಕಡಿಮೆ ಭರವಸೆ.

ನಮ್ಮ ಕಾಲೇಜುಗಳ ಪರಿಸ್ಥಿತಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. ಶುದ್ಧ ಕೆಂಪು ಮತ್ತು ಶುದ್ಧ ನೀಲಿ ಎರಡೂ ಬಿಳಿಗೆ ಹೋಲಿಸಿದರೆ ಕಪ್ಪಾದ ಬಣ್ಣಗಳು. ಕಂಪ್ಯೂಟರ್ ಪರದೆಯ ಲೆಕ್ಕದಲ್ಲಿ ಬಿಳಿಯ ಹೊಳಪು 100 ಆದರೆ ಕೆಂಪಿನದು ಸುಮಾರು 21, ನೀಲಿಯದು ಸುಮಾರು 7. ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೆ ಎರಡೂ ಕಪ್ಪಿಟ್ಟ ಬೂದುಬಣ್ಣವಾಗುತ್ತವೆ. ಉಳಿಯುವುದು ‘ಇಲ್ಲಿ ಏನೋ ಇದೆ’ ಎಂಬುದು ಮಾತ್ರ. ಅದು ಧನವೋ ಋಣವೋ ಎಂಬ ಮುಖ್ಯ ಸಂಗತಿಯೇ ಅಳಿಸಿಹೋಗುತ್ತದೆ. ಜೆರಾಕ್ಸ್ ಟಿಪ್ಪಣಿಗಳ ಮೇಲೆ ಓದುವ ವಿದ್ಯಾರ್ಥಿಗಳು ಇರುವವರೆಗೆ ಚಿತ್ರದ ಮೇಲೆಯೇ + ಮತ್ತು − ಗುರುತು ಹಾಕುವುದು ಅಧ್ಯಾಪಕರ ಕರ್ತವ್ಯ ಎಂದೇ ನಾನು ಹೇಳುತ್ತೇನೆ. ಇದೇ ಕಾರಣಕ್ಕೆ ಶುದ್ಧ ನೀಲಿಯ ಜಾಗದಲ್ಲಿ ಮೇಲ್ಮೈಯ ಉಬ್ಬುತಗ್ಗಿನ ನೆರಳೂ ಮುಳುಗಿಹೋಗುತ್ತದೆ. ಕಂಪ್ಯೂಟರ್ ದೃಶ್ಯೀಕರಣದ ಸಂಶೋಧಕ ಕೆನೆತ್ ಮೋರ್ಲೆಂಡ್ 2009ರಲ್ಲಿ ಸೂಚಿಸಿದ ಹದವಾದ ಕೆಂಪು-ನೀಲಿ ಪಟ್ಟಿ ಎರಡೂ ತುದಿಗಳ ಹೊಳಪನ್ನು ಸಮನಾಗಿ ಇಡುತ್ತದೆ. ಅಣುಚಿತ್ರಗಳಿಗೂ ಅದು ಹೆಚ್ಚು ಒಗ್ಗುತ್ತದೆ.

ಈಗ ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುವ ವಿಷಯ, ಅಳತೆಪಟ್ಟಿಯ ಗಡಿ. ತಂತ್ರಾಂಶಕ್ಕೆ ನಾವು ಎರಡು ಸಂಖ್ಯೆ ಕೊಡುತ್ತೇವೆ. ಕೆಳಗಿನ ಗಡಿಗೆ ಪೂರ್ತಿ ಕೆಂಪು, ಮೇಲಿನ ಗಡಿಗೆ ಪೂರ್ತಿ ನೀಲಿ, ನಡುವೆ ಬಿಳಿ. ಗಡಿ ದಾಟಿದ್ದಕ್ಕೆಲ್ಲ ಒಂದೇ ಕಡುಬಣ್ಣ. ಮಳೆಯ ನಕ್ಷೆಯಲ್ಲಿ 500 ಮಿಲಿಮೀಟರ್ ದಾಟಿದ ಊರುಗಳಿಗೆಲ್ಲ ಒಂದೇ ಕಡುನೀಲಿ ಎಂದು ಗೊತ್ತುಮಾಡಿದರೆ ಆಗುಂಬೆಗೂ ದಾವಣಗೆರೆಗೂ ವ್ಯತ್ಯಾಸ ಕಾಣದು. ಗಡಿಯನ್ನು 8000ಕ್ಕೆ ಏರಿಸಿದರೆ ದಾವಣಗೆರೆ ಬಿಳಿಚಿಕೊಂಡು ಮಳೆಯೇ ಇಲ್ಲದ ಊರಿನಂತೆ ಕಾಣುತ್ತದೆ.

ಪ್ರೋಟೀನಿನ ಸಂಖ್ಯೆಗಳಿಗೆ ಬರೋಣ. ಈ ಕ್ಷೇತ್ರದಲ್ಲಿ ವಿಭವವನ್ನು ಅಣುಗಳ ಉಷ್ಣ ಚಲನೆಯ ಶಕ್ತಿಗೆ ಹೋಲಿಸಿ ಅಳೆಯುವ ರೂಢಿಯಿದೆ. ಆ ಮಾನವನ್ನು ಕೆಟಿ/ಇ ಎನ್ನುತ್ತಾರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಬೆಲೆ 25.7 ಮಿಲಿವೋಲ್ಟ್. ಪ್ರಬಂಧಗಳಲ್ಲಿ ಹೆಚ್ಚಾಗಿ ಕಾಣುವ ಗಡಿ ±5 ಕೆಟಿ/ಇ, ಅಂದರೆ ಸುಮಾರು ±128 ಮಿಲಿವೋಲ್ಟ್. ಕೆಲವರು ±1 ಇಡುತ್ತಾರೆ, ಅದು ±26 ಮಿಲಿವೋಲ್ಟ್. ಆವೇಶ ಮತ್ತು ದೂರದ ಸರಳ ಲೆಕ್ಕದಿಂದ ಬರುವ ಕೈಮೆರಾ ಎಕ್ಸ್‌ನ ಕೂಲಂಬ್ ಬಣ್ಣದ ಪೂರ್ವನಿಗದಿತ ಗಡಿ ಬೇರೆ ಮಾನದಲ್ಲಿದೆ, ಏಕಮಾನ ಆವೇಶಕ್ಕೆ ಮೋಲ್‌ವೊಂದರ ±10 ಕಿಲೋಕ್ಯಾಲೊರಿ. ಮಿಲಿವೋಲ್ಟಿಗೆ ತಿರುಗಿಸಿದರೆ ±434. ಮೂರರಲ್ಲೂ ಬಣ್ಣದ ಪಟ್ಟಿ ನೋಡಲು ಒಂದೇ: ಕೆಂಪು, ಬಿಳಿ, ನೀಲಿ.

ಮೇಲ್ಮೈಯ ಒಂದು ಬಿಂದುವಿನಲ್ಲಿ ವಿಭವ +60 ಮಿಲಿವೋಲ್ಟ್ ಇದೆ ಎಂದಿಟ್ಟುಕೊಳ್ಳಿ. ಮೊದಲ ರೂಢಿಯಲ್ಲಿ ಅದು ಅರೆನೀಲಿ. ಎರಡನೆಯದರಲ್ಲಿ ಗಡಿಯನ್ನು ದುಪ್ಪಟ್ಟಿಗಿಂತ ಹೆಚ್ಚು ದಾಟಿದ್ದರಿಂದ ಕಡುನೀಲಿ. ಮೂರನೆಯದರಲ್ಲಿ ಗಡಿಯ ಶೇ 14ರಷ್ಟೇ ಆದ್ದರಿಂದ ಬಿಳಿಗೆ ಹತ್ತಿರ. ಬಿಂದು ಒಂದೇ, ವಿಭವ ಒಂದೇ. ಒಬ್ಬರು ‘ಪ್ರಬಲ ಧನ ವಲಯ’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಬಹುಮಟ್ಟಿಗೆ ತಟಸ್ಥ’ ಎಂದು ಬರೆಯುತ್ತಾರೆ. ಇಬ್ಬರ ಚಿತ್ರವೂ ಸರಿ, ಇಬ್ಬರ ಮಾತಿಗೂ ಆಧಾರವಿಲ್ಲ.

ಹೋಲಿಕೆಯ ಚಿತ್ರಗಳಲ್ಲಿ ಇದು ಇನ್ನೂ ಅಪಾಯಕಾರಿ. ವಾರನ್ ಡಿಲಾನೊ 2000ದಲ್ಲಿ ಬಿಡುಗಡೆ ಮಾಡಿದ ಪೈಮಾಲ್‌ನಲ್ಲಿ ಒಂದು ಕ್ಲಿಕ್ಕಿಗೆ ವಿಭವದ ಬಣ್ಣ ಬರುವ ಸೌಲಭ್ಯವಿದೆ. ನಿರ್ವಾತ ಸ್ಥಿರವಿದ್ಯುತ್ ಎಂಬ ಹೆಸರಿನ ಆ ಆಯ್ಕೆ ಪ್ರತಿ ಪ್ರೋಟೀನಿಗೂ ಅದರದೇ ವಿಭವಗಳನ್ನು ನೋಡಿ ಅದರದೇ ಗಡಿ ಕಟ್ಟಿಕೊಡುತ್ತದೆ. ಒಂದು ಪ್ರೋಟೀನಿಗೆ ಬಂದ ಸಂಖ್ಯೆ ಇನ್ನೊಂದಕ್ಕೆ ಬರುವುದಿಲ್ಲ. ಹಾಗೆ ಮಾಡಿದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ‘ಇದು ಅದಕ್ಕಿಂತ ನೀಲಿ’ ಎಂದರೆ ಆ ಮಾತಿಗೆ ಅರ್ಥವೇ ಇಲ್ಲ. ಸಾವಯವ ರಸಾಯನ ವಿಜ್ಞಾನದ ಪುಟ್ಟ ಅಣುಗಳಲ್ಲೂ ಇದೇ ಕಥೆ. ಗಡಿಯನ್ನು ತಂತ್ರಾಂಶಕ್ಕೇ ಬಿಟ್ಟರೆ ಮೀಥೇನಿನಂಥ ಬಹುತೇಕ ತಟಸ್ಥ ಅಣುವೂ ಹೈಡ್ರೋಜನ್ ಫ್ಲೋರೈಡಿನಷ್ಟೇ ರಂಗುರಂಗಾಗಿ ಕಾಣುತ್ತದೆ, ಏಕೆಂದರೆ ಅದರ ಅತ್ಯಲ್ಪ ಏರಿಳಿತವನ್ನೇ ಎಳೆದು ಪೂರ್ತಿ ಪಟ್ಟಿಗೆ ಹರಡಲಾಗಿರುತ್ತದೆ. ಎರಡಕ್ಕೂ ಒಂದೇ ಗಡಿ ಇಟ್ಟರೆ ಮೀಥೇನ್ ಸಪ್ಪೆಯಾಗುತ್ತದೆ. ಆ ಸಪ್ಪೆತನವೇ ಅದರ ಗುಣ, ವಿದ್ಯಾರ್ಥಿ ಕಲಿಯಬೇಕಾದದ್ದೂ ಅದನ್ನೇ.

ನಿರ್ವಾತ ಎಂಬ ಮಾತನ್ನು ಹಾಗೇ ದಾಟಿಹೋಗುವಂತಿಲ್ಲ. ಪ್ರೋಟೀನುಗಳು ನೀರಿನಲ್ಲಿ, ಉಪ್ಪಿನ ಅಯಾನುಗಳ ನಡುವೆ ಬದುಕುತ್ತವೆ. ನೀರು ವಿದ್ಯುತ್ ಪ್ರಭಾವವನ್ನು ಸುಮಾರು 80 ಪಟ್ಟು ತಗ್ಗಿಸುತ್ತದೆ. ಒಂದು ಏಕಮಾನ ಧನಾವೇಶದಿಂದ 7 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ದೂರದಲ್ಲಿ ವಿಭವ ಎಷ್ಟು ಎಂದು ಲೆಕ್ಕ ಹಾಕಿದರೆ, ನಿರ್ವಾತದಲ್ಲಿ ಸುಮಾರು 2 ವೋಲ್ಟ್, ನೀರಿನಲ್ಲಿ ಸುಮಾರು 26 ಮಿಲಿವೋಲ್ಟ್. ಕೈಮೆರಾ ಎಕ್ಸ್ ತನ್ನ ಸರಳ ಲೆಕ್ಕದಲ್ಲಿ ದೂರ ಹೆಚ್ಚಿದಂತೆ ತಗ್ಗಿಸುವಿಕೆಯೂ ಹೆಚ್ಚುವಂತೆ ಒಂದು ಉಪಾಯ ಮಾಡುತ್ತದೆ, ಅದರಲ್ಲಿ ಇದೇ ವಿಭವ ಸುಮಾರು 73 ಮಿಲಿವೋಲ್ಟ್ ಬರುತ್ತದೆ. ಮೂರು ಉತ್ತರಗಳಿಗೂ ತೊಡಿಸುವ ಬಣ್ಣ ಅದೇ ನೀಲಿ.

ನೀರನ್ನೂ ಉಪ್ಪನ್ನೂ ಗೌರವದಿಂದ ನಡೆಸಿಕೊಳ್ಳುವ ದಾರಿ ಪಾಯ್ಸನ್-ಬೋಲ್ಟ್ಸ್‌ಮನ್ ಸಮೀಕರಣ. ಪ್ರೋಟೀನಿನ ಒಳಗೆ ತಗ್ಗಿಸುವಿಕೆ ಕಡಿಮೆ, ಹೊರಗೆ ನೀರಿನಲ್ಲಿ ಹೆಚ್ಚು, ಉಪ್ಪಿನ ಅಯಾನುಗಳು ಆವೇಶಗಳ ಸುತ್ತ ಕವಿದು ಅವನ್ನು ಮರೆಮಾಡುತ್ತವೆ ಎಂಬ ಮೂರನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಮ್ಮ ದೇಹದ್ರವಗಳ ಮಟ್ಟದ 0.15 ಮೋಲಾರ್ ಉಪ್ಪಿನಲ್ಲಿ ಆವೇಶದ ಪ್ರಭಾವ 8 ಆಂಗ್‌ಸ್ಟ್ರಾಮಿನಷ್ಟು ದೂರಕ್ಕೇ ಬಹಳಷ್ಟು ಕುಂದುತ್ತದೆ. ಹೋನಿಗ್ ಗುಂಪಿನ ಡೆಲ್‌ಫೈ ತಂತ್ರಾಂಶ ಈ ಸಮೀಕರಣವನ್ನು ಬಿಡಿಸುತ್ತಿತ್ತು. 2001ರಲ್ಲಿ ನೇಥನ್ ಬೇಕರ್ ಮತ್ತು ಸಂಗಡಿಗರು ಎಪಿಬಿಎಸ್ ತಂತ್ರಾಂಶದಿಂದ ರೈಬೋಸೋಮಿನಂಥ ಬೃಹತ್ ರಚನೆಯ ವಿಭವವನ್ನೂ ಲೆಕ್ಕ ಹಾಕಿ ತೋರಿಸಿದರು. ಇಂದು ಅದು ಉಚಿತ, ಪೈಮಾಲ್‌ನ ಒಳಗಿನಿಂದಲೇ ಓಡಿಸಬಹುದು, ಸಾಮಾನ್ಯ ಪ್ರೋಟೀನಿಗೆ ಲ್ಯಾಪ್‌ಟಾಪ್ ಸಾಕು. ಇಷ್ಟು ಸುಲಭವಾದ ಮೇಲೂ ಪ್ರಕಟಣೆಯ ಚಿತ್ರಕ್ಕೆ ಒಂದು ಕ್ಲಿಕ್ಕಿನ ನಿರ್ವಾತ ಬಣ್ಣವನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ. ಧನ ಎಲ್ಲಿ, ಋಣ ಎಲ್ಲಿ ಎಂದು ಒಮ್ಮೆ ಕಣ್ಣಾಡಿಸಲು ಅದು ಧಾರಾಳವಾಗಿ ಸಾಕು. ಎಷ್ಟು ಎಂಬ ಪ್ರಶ್ನೆಗೆ ಅದರಿಂದ ಉತ್ತರ ತೆಗೆಯಬಾರದು.

ಪುಟ್ಟ ಅಣುಗಳ ಲೋಕದಲ್ಲಿ ಇನ್ನೊಂದು ಬಣ್ಣದ ಪಟ್ಟಿ ಬೇರೂರಿದೆ: ಕೆಂಪು, ಹಳದಿ, ಹಸಿರು, ನೀಲಿ ಎಂದು ಸಾಗುವ ಕಾಮನಬಿಲ್ಲು. ಅಲ್ಲಿ ಹಸಿರು ಶೂನ್ಯದ ಸುತ್ತಮುತ್ತ. ಪಠ್ಯಪುಸ್ತಕಗಳಲ್ಲಿ ಬೆಂಜೀನಿನ ನಡುವೆ ಕೆಂಪು, ಅಂಚಿನಲ್ಲಿ ನೀಲಿ ತೋರಿಸುವ ಚಿತ್ರ ಈ ಬಗೆಯದು. ಕಾಮನಬಿಲ್ಲಿನ ತೊಂದರೆಯನ್ನು ಬಣ್ಣದ ಮೇಲೆ ಕೆಲಸ ಮಾಡುವವರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಹಳದಿ ಎಲ್ಲಕ್ಕಿಂತ ಹೊಳೆಯುವ ಬಣ್ಣವಾದ್ದರಿಂದ ಕಣ್ಣು ಮೊದಲು ಅಲ್ಲಿಗೆ ಓಡುತ್ತದೆ, ಅಲ್ಲಿ ವಿಶೇಷವೇನೂ ಇರುವುದಿಲ್ಲ. ಹಸಿರು ನೀಲಿಗೆ ತಿರುಗುವಲ್ಲಿ ಒಂದು ಗೆರೆ ಕಾಣುತ್ತದೆ, ವಿಭವ ಮಾತ್ರ ಅಲ್ಲಿ ನುಣ್ಣಗೆ ಏರುತ್ತಿರುತ್ತದೆ. ಕೆಂಪು-ಹಸಿರು ಬೇರ್ಪಡಿಸಲಾರದ ಬಣ್ಣಗುರುಡು ಇರುವವರಿಗೆ ಋಣವೂ ಶೂನ್ಯವೂ ಕಲೆತುಹೋಗುತ್ತವೆ. ದತ್ತಾಂಶದ ನಕ್ಷೆ ಬಿಡಿಸಲು ಬಳಸುವ ತಂತ್ರಾಂಶಗಳಾದ ಮ್ಯಾಟ್‌ಲ್ಯಾಬ್ 2014ರಲ್ಲಿ, ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ಕಾಮನಬಿಲ್ಲನ್ನು ಪೂರ್ವನಿಗದಿತ ಸ್ಥಾನದಿಂದ ಇಳಿಸಿದವು. ಅಣುಚಿತ್ರಗಳು ಅದನ್ನು ಇನ್ನೂ ಬಿಟ್ಟಿಲ್ಲ.

ಆದರೆ ಎಲ್ಲ ಆರೋಪವನ್ನೂ ಬಣ್ಣದ ಪಟ್ಟಿಯ ತಲೆಗೆ ಕಟ್ಟಬಾರದು. ಅಯೋಡೊಬೆಂಜೀನಿನ ಅಯೋಡಿನ್ ಪರಮಾಣುವನ್ನು ನೋಡಿ. ಅದರ ಸೊಂಟದ ಸುತ್ತ ಋಣ ವಿಭವದ ಪಟ್ಟಿ, ಬಂಧದ ನೇರಕ್ಕೆ ತುದಿಯಲ್ಲಿ ಪುಟ್ಟ ಧನ ವಲಯ. ಅದನ್ನು ಸಿಗ್ಮಾ ರಂಧ್ರ ಎಂದು ಕರೆದವರು ಟಿಮೊಥಿ ಕ್ಲಾರ್ಕ್, ಪೀಟರ್ ಪೊಲಿಟ್ಜರ್ ಮತ್ತು ಸಂಗಡಿಗರು, 2007ರಲ್ಲಿ. ಅಯೋಡಿನ್, ಬ್ರೋಮಿನ್‌ನಂಥ ಹ್ಯಾಲೊಜನ್ ಪರಮಾಣು ಇನ್ನೊಂದು ಅಣುವಿನ ಋಣ ಭಾಗವನ್ನು ಸೆಳೆಯುವ ಹ್ಯಾಲೊಜನ್ ಬಂಧಕ್ಕೆ ಈ ಧನ ವಲಯವೇ ಆಧಾರ. ಆ ಬಂಧದ ವ್ಯಾಖ್ಯೆಯನ್ನು ರಸಾಯನ ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ 2013ರಲ್ಲಿ ಪ್ರಕಟಿಸಿದಾಗ ಅದರ ಮೊದಲ ಲೇಖಕರಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೌತಮ್ ದೇಸಿರಾಜು. ಕ್ವಾಂಟಮ್ ಲೆಕ್ಕದಿಂದ ಬಂದ ಎಲೆಕ್ಟ್ರಾನ್ ಸಾಂದ್ರತೆಯ ಮೇಲ್ಮೈಗೆ ಬಣ್ಣ ಹಚ್ಚಿದರೆ ಆ ವಲಯ ಸ್ಪಷ್ಟವಾಗಿ ಮೂಡುತ್ತದೆ. ಪ್ರತಿ ಪರಮಾಣುವಿನ ನಡುವೆ ಒಂದೊಂದು ಬಿಂದು ಆವೇಶ ಇಟ್ಟು ಲೆಕ್ಕ ಹಾಕುವ ಸರಳ ವಿಧಾನದಲ್ಲಿ ಅದು ಮೂಡುವುದೇ ಇಲ್ಲ. ಅಯೋಡಿನ್‌ಗೆ ಒಂದೇ ಋಣ ಬಿಂದು ಕೊಟ್ಟ ಮೇಲೆ ಅದರ ತುದಿ ಮಾತ್ರ ಧನವಾಗಲು ಎಲ್ಲಿಂದ ಸಾಧ್ಯ? ಹ್ಯಾಲೊಜನ್ ಇರುವ ಔಷಧದ ಅಣುಗಳನ್ನು ಇಂಥ ಸರಳ ಲೆಕ್ಕದ ಬಣ್ಣದಲ್ಲಿ ನೋಡಿ ‘ಇಲ್ಲಿ ಆಕರ್ಷಣೆ ಇಲ್ಲ’ ಎಂದುಬಿಟ್ಟರೆ ಇರುವ ಬಂಧವನ್ನೇ ಕಣ್ಣಿನಿಂದ ಅಳಿಸಿದಂತೆ.

ಬೆಳಕಿನ ಬಗ್ಗೆ ಎರಡು ಮಾತು ಸಾಕು. ಮೂರು ಆಯಾಮದ ಭಾಸಕ್ಕಾಗಿ ತಂತ್ರಾಂಶಗಳು ದೂರದ ಭಾಗವನ್ನು ಹಿನ್ನೆಲೆಯ ಬಣ್ಣಕ್ಕೆ ಕರಗಿಸುತ್ತವೆ. ಹಿನ್ನೆಲೆ ಬಿಳಿಯಾಗಿದ್ದರೆ ಹಿಂದಿನ ಕೆಂಪು, ನೀಲಿ ಎರಡೂ ಬಿಳಿಚುತ್ತವೆ, ಬಿಳಿ ಎಂದರೆ ಶೂನ್ಯ ಎಂದು ಓದುಗರಿಗೆ ಹೇಳಿಟ್ಟಿರುತ್ತೇವೆ. ಉಬ್ಬಿನ ಮೇಲಿನ ಮಿರುಗು ಕೂಡ ಬಿಳಿಯೇ. ವಿಭವದ ಚಿತ್ರ ಮಾಡುವಾಗ ಆ ಮಂಜನ್ನೂ ಮಿರುಗನ್ನೂ ಆರಿಸಿಬಿಡುವುದು ಒಳ್ಳೆಯದು.

ಈ ವಿಷಯ ಇಂದು ತುರ್ತಾಗಿರುವುದಕ್ಕೆ ಕಾರಣ ಆಲ್ಫಾಫೋಲ್ಡ್. 2022ರ ಜುಲೈಯಲ್ಲಿ ಅದರ ಭಂಡಾರ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ರಚನೆಗಳನ್ನು ಎಲ್ಲರಿಗೂ ತೆರೆಯಿತು. 2024ರ ರಸಾಯನ ವಿಜ್ಞಾನದ ನೊಬೆಲ್ ಪುರಸ್ಕಾರದಲ್ಲಿ ಅರ್ಧ ಪಾಲು ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು. ಧಾರವಾಡದ ಎಂಎಸ್ಸಿ ವಿದ್ಯಾರ್ಥಿಯೂ ಈಗ ತನಗೆ ಬೇಕಾದ ಪ್ರೋಟೀನನ್ನು ಕೆಲವೇ ನಿಮಿಷದಲ್ಲಿ ಇಳಿಸಿಕೊಂಡು ವಿಭವದ ಬಣ್ಣ ಹಚ್ಚಬಹುದು. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಆ ಭಂಡಾರದ ಮಾದರಿಗಳಲ್ಲಿರುವುದು ಅಮೈನೊ ಆಮ್ಲಗಳ ಸರಪಳಿ ಮಾತ್ರ. ಲೋಹದ ಅಯಾನುಗಳಿಲ್ಲ, ಪ್ರೋಟೀನಿಗೆ ಅಂಟಿಕೊಂಡಿರುವ ಸಕ್ಕರೆ ಸರಪಳಿಗಳಿಲ್ಲ, ಜೊತೆಯಲ್ಲಿ ಕೂತಿರುವ ಡಿಎನ್‌ಎ ಇಲ್ಲ.

ಸೂಪರಾಕ್ಸೈಡ್ ಡಿಸ್ಮ್ಯುಟೇಸನ್ನೇ ಮತ್ತೆ ತೆಗೆದುಕೊಳ್ಳಿ. ಮಾನವ ಕಿಣ್ವದ ಊಹಿತ ಮಾದರಿಯಲ್ಲಿ ಲೋಹ ಹಿಡಿಯುವ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಚೆನ್ನಾಗಿ ಕೂತಿರುತ್ತವೆ. 83ನೇ ಸ್ಥಾನದ ಆಸ್ಪಾರ್ಟೇಟ್ ಕೂಡ ಅಲ್ಲಿರುತ್ತದೆ. ಆದರೆ ಅವು ಹಿಡಿದುಕೊಳ್ಳಬೇಕಾದ ತಾಮ್ರವೂ ಸತುವೂ ಇರುವುದಿಲ್ಲ. ಎರಡೆರಡು ಧನಾವೇಶದ ಎರಡು ಅಯಾನುಗಳು, ಒಟ್ಟು ನಾಲ್ಕು, ಲೆಕ್ಕದಿಂದ ಬಿಟ್ಟುಹೋದವು. ಆ ಮಾದರಿಗೆ ಹಾಗೆಯೇ ಬಣ್ಣ ಹಚ್ಚಿದರೆ ತಪ್ಪು ಬೀಳುವುದು ಯಾವುದೋ ಮೂಲೆಯಲ್ಲಿ ಅಲ್ಲ, ಸೂಪರಾಕ್ಸೈಡನ್ನು ಎಳೆದು ತರುವ ಕಾಲುವೆಯ ತಳದಲ್ಲೇ. ಹಿಸ್ಟಿಡಿನ್‌ಗಳದ್ದು ಇನ್ನೊಂದು ಸಮಸ್ಯೆ. ದೇಹದ ಪಿಎಚ್‌ನ ಸುತ್ತಮುತ್ತ ಅದು ಆವೇಶ ಪಡೆಯಲೂಬಹುದು, ಬಿಡಲೂಬಹುದು. ಈ ಕಿಣ್ವದಲ್ಲಿ ತಾಮ್ರ ಮತ್ತು ಸತುವಿನ ನಡುವೆ ಸೇತುವೆಯಾಗಿರುವ 63ನೇ ಹಿಸ್ಟಿಡಿನ್ ತನ್ನ ಜಲಜನಕವನ್ನು ಕಳೆದುಕೊಂಡು ಋಣಾವೇಶದಲ್ಲಿರುತ್ತದೆ. ಲೋಹವೇ ಇಲ್ಲದ ಮಾದರಿಯನ್ನು ನೋಡಿದ ತಂತ್ರಾಂಶಕ್ಕೆ ಇದು ತಿಳಿಯಲು ದಾರಿಯಿಲ್ಲ.

ಎಕ್ಸ್-ರೇಯಿಂದ ಪಡೆದ ರಚನೆಗಳಲ್ಲೂ ಜಲಜನಕಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಅವನ್ನು ಸೇರಿಸಿ, ಪ್ರತಿ ಪರಮಾಣುವಿಗೆ ಆವೇಶ ಮತ್ತು ತ್ರಿಜ್ಯ ಕೊಡುವ ಕೆಲಸಕ್ಕೆ ಪಿಡಿಬಿ2ಪಿಕ್ಯುಆರ್ ಎಂಬ ಉಪಕರಣ 2004ರಿಂದ ಇದೆ. ಪಿಎಚ್ ಎಷ್ಟು ಎಂದು ಅದು ಕೇಳುತ್ತದೆ. ಲೋಹಗಳ ಜವಾಬ್ದಾರಿ ಮಾತ್ರ ಬಹುಮಟ್ಟಿಗೆ ಬಳಸುವವರ ಮೇಲೇ ಬೀಳುತ್ತದೆ. ಸಿದ್ಧತೆಯ ಈ ಹಂತ ಬೇಸರದ್ದು, ಪರದೆಯ ಮೇಲೆ ಏನೂ ಕಾಣದ್ದು. ಬಣ್ಣ ಸರಿಯಾಗುವುದೂ ಕೆಡುವುದೂ ಬಹಳ ಸಲ ಇಲ್ಲೇ.

ಹಾಗಾದರೆ ಓಮಿಕ್ರಾನಿನ ಹೋಲಿಕೆಯನ್ನು ಹೇಗೆ ಮಾಡಬೇಕಿತ್ತು? ಎರಡೂ ರಚನೆಗಳಿಗೆ ಒಂದೇ ರೀತಿಯಲ್ಲಿ ಜಲಜನಕ ಸೇರಿಸಿ, ಒಂದೇ ಪಿಎಚ್, ಒಂದೇ ಉಪ್ಪಿನ ಪ್ರಮಾಣ ಇಟ್ಟು ಲೆಕ್ಕ ಹಾಕಬೇಕು. 343ನೇ ಸ್ಥಾನದ ಸಕ್ಕರೆ ಸರಪಳಿಯನ್ನು ಬಿಟ್ಟಿದ್ದರೆ ಹಾಗೆಂದು ಹೇಳಬೇಕು. ಬಣ್ಣ ಹಚ್ಚುವ ಮೇಲ್ಮೈ ಒಂದೇ ಬಗೆಯದಾಗಿರಬೇಕು. ಪರಮಾಣುಗಳಿಗೆ ಅಂಟಿದ ಮೇಲ್ಮೈಯಲ್ಲಿ ಓದಿದ ವಿಭವಕ್ಕೂ ಅಲ್ಲಿಂದ ನೀರಿನ ಅಣುವಿನ ತ್ರಿಜ್ಯವಾದ 1.4 ಆಂಗ್‌ಸ್ಟ್ರಾಮ್ ಆಚೆ ಓದಿದ ವಿಭವಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಗಡಿ ಎರಡಕ್ಕೂ ಒಂದೇ. ಇವೆರಡರ ಪಕ್ಕದಲ್ಲಿ ಮೂರನೆಯ ಚಿತ್ರವೊಂದು ಬೇಕು: ಓಮಿಕ್ರಾನಿನ ವಿಭವದಿಂದ ಮೂಲ ವೈರಾಣುವಿನ ವಿಭವವನ್ನು ಕಳೆದ ನಕ್ಷೆ. ಬದಲಾದದ್ದು ಎಲ್ಲಿ, ಎಷ್ಟು ಎಂಬುದನ್ನು ಅದೊಂದೇ ನೇರವಾಗಿ ಹೇಳುತ್ತದೆ, ಓದುಗರು ಎರಡು ನೀಲಿಗಳ ನಡುವೆ ಕಣ್ಣು ಹಾಯಿಸಿ ಅಂದಾಜು ಮಾಡುತ್ತ ಕೂರಬೇಕಾಗುವುದಿಲ್ಲ. 417ರ ಬಳಿ ಆ ನಕ್ಷೆ ಕೆಂಪಗೆ ತಿರುಗುತ್ತದೆ, ಅಲ್ಲಿ ಧನಾವೇಶ ಕಳೆದುಹೋಗಿದೆ. ಪಕ್ಕಪಕ್ಕದ ಚಿತ್ರಗಳಲ್ಲಿ ಆ ನಷ್ಟ ಸುತ್ತಲಿನ ನೀಲಿಯಲ್ಲಿ ಮುಚ್ಚಿಹೋಗುತ್ತದೆ.

ಚಿತ್ರದ ಕೆಳಗೆ ಬರೆಯಬೇಕಾದದ್ದು ಹೆಚ್ಚೇನಿಲ್ಲ. ‘ವಿಭವವನ್ನು ಪಾಯ್ಸನ್-ಬೋಲ್ಟ್ಸ್‌ಮನ್ ಸಮೀಕರಣದಿಂದ ಎಪಿಬಿಎಸ್ ಬಳಸಿ ಲೆಕ್ಕ ಹಾಕಲಾಗಿದೆ; ಪಿಎಚ್ 7.4, ಉಪ್ಪು 0.15 ಮೋಲಾರ್, ಕೆಂಪು −5, ಬಿಳಿ 0, ನೀಲಿ +5 ಕೆಟಿ/ಇ, ನೀರು ತಾಗಬಲ್ಲ ಮೇಲ್ಮೈಯಲ್ಲಿ, ಸಕ್ಕರೆ ಸರಪಳಿ ಸೇರಿಲ್ಲ.’ ಇದಿಷ್ಟನ್ನು ಕೇಳಿ ಪಡೆಯುವ ಅಧಿಕಾರ ಪ್ರಬಂಧವನ್ನು ಪರಿಶೀಲಿಸುವ ವಿಮರ್ಶಕರಿಗಿದೆ, ಪ್ರೌಢಪ್ರಬಂಧಕ್ಕೆ ಸಹಿ ಹಾಕುವ ಮಾರ್ಗದರ್ಶಕರಿಗಿದೆ, ಪಠ್ಯಪುಸ್ತಕದ ಸಮಿತಿಯಲ್ಲಿ ಕೂರುವವರಿಗಿದೆ. ತಂತ್ರಾಂಶ ಬರೆಯುವವರೂ ಒಂದು ಉಪಕಾರ ಮಾಡಬಹುದು: ವಿಭವದ ಬಣ್ಣ ಹಚ್ಚಿದ ಚಿತ್ರವನ್ನು ಉಳಿಸುವಾಗ ಅಳತೆಪಟ್ಟಿ ಮತ್ತು ಗಡಿಯ ಸಂಖ್ಯೆಗಳು ತಾವಾಗಿಯೇ ಅದರ ಜೊತೆ ಅಚ್ಚಾಗಲಿ. ಬೇಡದವರು ಅದನ್ನು ಬೇಕೆಂದೇ ತೆಗೆಯಬೇಕಾಗಲಿ.